ಬೆಂಚಿನ ಆಚೆಗೊಂದು, ಈಚೆಗೊಂದು ಗುಲಾಬಿ

ಟೀಚರಮ್ಮ: ಎರಡು ಅಂದ್ರೆ ಎರಡೇ ರೀ. ಬೆಂಚಿನ ಆಚೆಗೊಂದು, ಈಚೆಗೊಂದು. ಮಧ್ಯೆ ನಾನು. ಮಾತು ಮುಗೀತು.

ಕಂಡಕ್ಟರು: ಇಷ್ಟುದ್ದ ಜಾಗಕ್ಕೆ ಎರಡೇ ಗಿಡಾನಾ? ನೋಡಿದವರು ಏನಂದಾರು! ಇಬ್ಬರನ್ನ ಕೂರಿಸ್ಕೊಂಡು ಇಡೀ ಬಸ್ಸು ಓಡಿಸಿದ ಹಾಗಾಯ್ತು. ಡಿಪೋದಲ್ಲಿ ಕರೆದು ಮೆಮೋ ಕೊಡ್ತಾರೆ.

ಟೀಚರಮ್ಮ: ಇದು ಡಿಪೋ ಅಲ್ಲ, ಮನೆ.

ಕಂಡಕ್ಟರು: ಗೊತ್ತು ಬಿಡು. ಅದಕ್ಕೇ ಯಾರೂ ಹತ್ತೋರೂ ಇಲ್ಲ, ಇಳಿಯೋರೂ ಇಲ್ಲ.

ಜಗಳದ ವಸ್ತು ದೊಡ್ಡದೇನಲ್ಲ. ಗೇಟಿನಿಂದ ಹಿಡಿದು ಕಿಟಕಿಯವರೆಗೆ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದ ಒಂದು ಪಟ್ಟಿ ಮಣ್ಣು, ಅದರ ಮಧ್ಯೆ ಒಂದು ಸಿಮೆಂಟ್ ಬೆಂಚು. ಆದರೆ ಆ ಬೆಂಚಿನ ಮೇಲೆ ಟೀಚರಮ್ಮನ ಜೀವವೇ ಇತ್ತು. ಹೈಸ್ಕೂಲ್ ಮಕ್ಕಳ ಗಲಾಟೆ ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದ ಅವರು ಹೋದ ವರ್ಷ ರಿಟೈರಾದ ಕೂಡಲೇ ಮೊದಲು ಮಾಡಿಸಿದ ಕೆಲಸ ಅದು. ಯಜಮಾನರು ಬಸ್ಸಿನ ಡ್ಯೂಟಿಗೆ ಹೊರಟರು ಅಂದರೆ ಇವರು ಪುಸ್ತಕ ಹಿಡಿದು ಅಲ್ಲಿ ಕೂತರು ಅಂತಲೇ ಲೆಕ್ಕ. ಒಂದು ವರ್ಷ ಸುಖ ಅಂದರೆ ಸುಖ. ಹೋದ ತಿಂಗಳು ಯಜಮಾನರೂ ರಿಟೈರಾಗಿ ಮನೆಗೆ ಬಂದು ಕೂತರು ನೋಡಿ, ಅಲ್ಲಿಗೆ ಆ ಸುಖಕ್ಕೆ ಎಳ್ಳುನೀರು.

ಕಂಡಕ್ಟರು ಕೆಟ್ಟವರಲ್ಲ. ದಿನವಿಡೀ ಜನರನ್ನು ಮಾತಾಡಿಸಿ ಅಭ್ಯಾಸವಾಗಿದ್ದ ಬಾಯಿಗೆ ಈಗ ಸಿಕ್ಕಿದ್ದು ಒಬ್ಬಳೇ ಹೆಂಡತಿ, ಅಷ್ಟೇ ಅವರ ತಪ್ಪು. ಟೀಚರಮ್ಮ ಪುಸ್ತಕ ಬಿಡಿಸಿದರೆ ಸಾಕು, ಬಂದು ಭುಜಕ್ಕೆ ಒರಗಿದ ಹಾಗೆ ನಿಂತು, ಪುಟಕ್ಕೆ ಇಣುಕಿ, 'ಎಲ್ಲಿಗೆ ಬಂತು?' ಅಂತ ಕೇಳೋರು. ಬೆಂಚಿನ ಎರಡೂ ತುದಿಗೆ ಒಳ್ಳೇ ಮುಳ್ಳಿನ ಗುಲಾಬಿ ನೆಟ್ಟುಬಿಟ್ಟರೆ ಈ ಮನುಷ್ಯ ಭುಜದ ಹತ್ತಿರ ಬಂದು ನಿಲ್ಲೋದು ತಪ್ಪುತ್ತೆ ಅನ್ನೋ ಉಪಾಯ ಟೀಚರಮ್ಮನಿಗೆ ಹೊಳೆದದ್ದು ಆಗ. ಹಾಗಂತ ಗಂಡನ ಮುಂದೆ ಬಾಯಿಬಿಟ್ಟು ಹೇಳೋಕಾಗುತ್ತಾ? ಮನೆ ಮುಂದೆ ಚೆಂದ ಕಾಣುತ್ತೆ ಅಂತ ಹೇಳಿ ಗಿಡ ಮಾರುವ ನರ್ಸರಿಯಮ್ಮನಿಗೆ ಬರಹೇಳಿದ್ದರು.

ನರ್ಸರಿಯಮ್ಮ ತಳ್ಳುಗಾಡಿ ತುಂಬ ಗಿಡ ಹೇರಿಕೊಂಡು ಬಂದು ಗೇಟಿನ ಹತ್ತಿರ ನಿಂತು ಆಗಲೇ ಬಹಳ ಹೊತ್ತಾಗಿತ್ತು.

ನರ್ಸರಿಯಮ್ಮ: ಜಗಳ ಮುಗಿಸ್ಕೊಂಡು ಕರೀತೀರಾ, ಇಲ್ಲ ನಾನೂ ಬಂದು ಸೇರ್ಕೊಳ್ಳಲಾ? ಬಿಸಿಲಿಗೆ ಗಿಡ ಬಾಡ್ತಿವೆ.

ಟೀಚರಮ್ಮ: ನೀವೇ ಹೇಳಿ. ಒಂದು ಗುಲಾಬಿಗೂ ಇನ್ನೊಂದಕ್ಕೂ ಮಧ್ಯೆ ಎಷ್ಟು ಜಾಗ ಬಿಡ್ಬೇಕು?

ನರ್ಸರಿಯಮ್ಮ: ಮೂರಡಿ ಬಿಟ್ರೆ ಒಳ್ಳೇದಮ್ಮ.

ಟೀಚರಮ್ಮ: ಕೇಳಿಸ್ಕೊಂಡ್ರಾ?

ಕಂಡಕ್ಟರು: ಮೂರಡೀನಾ! ಮೂರಡಿಯಲ್ಲಿ ನಾನು ಒಂದು ಮದುವೆ ದಿಬ್ಬಣಾನೇ ನಿಲ್ಲಿಸಿದೀನಿ.

ನರ್ಸರಿಯಮ್ಮ: ನಿಲ್ಲಿಸಬಹುದು ಅಣ್ಣ. ಒತ್ತಾಗಿ ನೆಟ್ರೂ ಬರ್ತವೆ.

ಟೀಚರಮ್ಮ: ಈಗ ತಾನೇ ಮೂರಡಿ ಅಂದ್ರಲ್ಲ!

ನರ್ಸರಿಯಮ್ಮ: ಅದೂ ಸರಿ ಅಮ್ಮ. ದೂರ ನೆಟ್ರೆ ಗಿಡಕ್ಕೆ ಒಳ್ಳೇದು, ಹತ್ತಿರ ನೆಟ್ರೆ ನನಗೆ ಒಳ್ಳೇದು.

ಟೀಚರಮ್ಮ: ಒತ್ತೊತ್ತಾಗಿ ನೆಟ್ರೆ ಗಾಳಿ ಆಡಲ್ಲ ರೀ. ಒಂದರ ಎಲೆಗೆ ಕಪ್ಪು ಚುಕ್ಕೆ ಬಂತು ಅನ್ನಿ, ಪಕ್ಕದ್ದು ನೋಡಿ ಕಾಪಿ ಹೊಡೆಯುತ್ತೆ. ಅದರ ಪಕ್ಕದ್ದು ಅದನ್ನ ನೋಡುತ್ತೆ. ಎಷ್ಟು ಪರೀಕ್ಷೆ ನಡೆಸಿಲ್ಲ ನಾನು! ದೂರ ದೂರ ಕೂರಿಸಿದ್ರೆ ಮಾತ್ರ ಎಲ್ಲ ನೆಟ್ಟಗಿರೋದು.

ಕಂಡಕ್ಟರು: ಪಕ್ಕದಲ್ಲಿ ಯಾರೂ ಇಲ್ಲದಿದ್ರೆ ಪಾಪ, ಅವಕ್ಕೆ ಹೊತ್ತು ಹೋಗೋದು ಹೇಗೆ?

ಟೀಚರಮ್ಮ: ಗುಲಾಬಿಗೆ ಹೊತ್ತು ಹೋಗಬೇಕಾಗಿಲ್ಲ.

ಕಂಡಕ್ಟರು: ನೀನು ಕೇಳಿ ನೋಡಿದೀಯಾ?

ನರ್ಸರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ವ್ಯಾಪಾರ ಕೆಟ್ಟೀತು ಅಂತ ಗಾಡಿಯ ಕಡೆ ತಿರುಗಿ, ಗಿಡ ಆರಿಸುವವಳ ಹಾಗೆ ಬಗ್ಗಿದಳು.

ನರ್ಸರಿಯಮ್ಮ: ಎಷ್ಟು ಅನ್ನೋದು ಆಮೇಲೆ ನೋಡೋಣ. ಯಾವುದು ಬೇಕು ಅದಾದ್ರೂ ಹೇಳಿ. ಇಗೋ, ಇದು ಉದ್ದ ಕಡ್ಡಿಯ ಕೆಂಪು. ಕಡ್ಡಿಗೊಂದೇ ಹೂ. ನಿಂತರೆ ಏನು ಗತ್ತು ಅಂತೀರಿ!

ಟೀಚರಮ್ಮ: ಇದೇ ಬೇಕು ನನಗೆ. ನೋಡಿ, ತನ್ನ ಪಾಡಿಗೆ ತಾನು ನಿಂತಿದೆ. ಯಾರ ತಂಟೆಗೂ ಹೋಗಲ್ಲ.

ಕಂಡಕ್ಟರು: ಇದಾ? ಇದು ಟಿಕೆಟ್ ಚೆಕಿಂಗ್‌ನವನು ಇದ್ದ ಹಾಗಿದೆ. ಒಬ್ಬನೇ ಹತ್ತೋದು, ಒಬ್ಬನೇ ಇಳಿಯೋದು, ಮುಖದಲ್ಲಿ ನಗು ಇಲ್ಲ. ಏನಮ್ಮಾ, ಗೊಂಚಲು ಗುಲಾಬಿ ತಂದಿಲ್ವಾ?

ನರ್ಸರಿಯಮ್ಮ: ತರದೇ ಇರ್ತೀನಾ? ಇಗೋ. ಒಂದು ಕೊಂಬೆಗೆ ಒಂದು ರಾಶಿ ಹೂ. ಯಾವಾಗ ನೋಡಿದ್ರೂ ಗಿಜಿಗಿಜಿ ಅಂತಿರುತ್ತೆ.

ಕಂಡಕ್ಟರು: ಆಹಾ! ಶನಿವಾರ ಸಾಯಂಕಾಲದ ಬಸ್ಸು!

ಟೀಚರಮ್ಮ: ಎಂಟನೇ ಕ್ಲಾಸು, ಬಿ ಸೆಕ್ಷನ್. ಬೇಡವೇ ಬೇಡ.

ಕಂಡಕ್ಟರು: ಈ ಪುಟಾಣಿಗಳು ಯಾವುವು?

ನರ್ಸರಿಯಮ್ಮ: ಬಟನ್ ಗುಲಾಬಿ. ಮೊಣಕಾಲು ದಾಟಲ್ಲ.

ಕಂಡಕ್ಟರು: ಹಾಗಾದ್ರೆ ಅರ್ಧ ಟಿಕೆಟ್. ನಾಲ್ಕು ಕೊಡಿ.

ಟೀಚರಮ್ಮ: ನಾಲ್ಕು ಅರ್ಧ ಸೇರಿದ್ರೆ ಎರಡು ರೀ. ಲೆಕ್ಕ ನನಗೂ ಬರುತ್ತೆ.

ಕಂಡಕ್ಟರು: ತೊಡೆ ಮೇಲೆ ಕೂರೋ ಮಕ್ಕಳಿಗೆ ಸೀಟಿನ ಲೆಕ್ಕ ಎಲ್ಲಿದೆಯೇ? ದೊಡ್ಡ ಗಿಡದ ಬುಡದಲ್ಲಿ ಮುದುರಿಕೊಂಡು ಕೂತಿರ್ತವೆ.

ಟೀಚರಮ್ಮ: ಕೂತು, ದೊಡ್ಡದಕ್ಕೆ ಹಾಕಿದ ಗೊಬ್ಬರವನ್ನೆಲ್ಲ ತಿಂದು ತೇಗ್ತವೆ.

ಕಂಡಕ್ಟರು: ಮಕ್ಕಳು ತಾನೇ, ತಿನ್ಲಿ ಬಿಡು. ಹೋಗ್ಲಿ, ಈ ಬಳ್ಳಿ ಗುಲಾಬಿ? ಇದು ಎಷ್ಟು ಜಾಗ ಕೇಳುತ್ತಮ್ಮ?

ನರ್ಸರಿಯಮ್ಮ: ಬುಡಕ್ಕೆ ಇಷ್ಟು ಮಣ್ಣು ಕೊಟ್ರೆ ಸಾಕಣ್ಣ. ಗೋಡೆ ಹತ್ತಿ ಆಚೆ ಕಡೆ ಬಗ್ಗುತ್ತೆ.

ಕಂಡಕ್ಟರು: ನೋಡಿದ್ಯಾ! ಇದು ಒಳಗೇ ಬರಲ್ಲ. ಫುಟ್‌ಬೋರ್ಡು. ಒಂದು ಕಾಲು ಊರೋಕೆ ಜಾಗ ಕೊಟ್ರೆ ಮಿಕ್ಕ ಮೈಯೆಲ್ಲ ಹೊರಗೆ ನೇತಾಡ್ಕೊಂಡು ಬರುತ್ತೆ.

ಟೀಚರಮ್ಮ: ಹಾಗೆ ನೇತಾಡೋರನ್ನ ವಾಚಾಮಗೋಚರ ಬೈತಿದ್ದವರು ನೀವೇ ತಾನೇ?

ಕಂಡಕ್ಟರು: ಬೈತಿದ್ದೆ. ಇಳಿಸ್ತಿರಲಿಲ್ಲ.

ಟೀಚರಮ್ಮ: ನಾನು ಇಳಿಸ್ತೀನಿ. ಬೇಡ.

ಕಂಡಕ್ಟರು: ಸರಿ, ಇದೊಂದು ಕೇಳು. ಕುಂಡದಲ್ಲಿರೋ ಈ ಪನ್ನೀರು ಗುಲಾಬಿ. ಏನು ಘಮ, ಏನು ಘಮ! ಕುಂಡ ಅಂದ್ರೆ ಗಿಡದ ಲೆಕ್ಕಕ್ಕೆ ಬರಲ್ಲ, ಲಗೇಜು.

ಟೀಚರಮ್ಮ: ಲಗೇಜಿಗೂ ಚಾರ್ಜಿದೆ. ನನ್ನ ತಂಗಿ ಹೊಲಿಗೆ ಮೆಷಿನ್ ತಗೊಂಡು ನಿಮ್ಮ ಬಸ್ಸು ಹತ್ತಿದಾಗ ಎಲ್ಲರ ಮುಂದೆ ಅವಳಿಗೆ ಲಗೇಜ್ ಟಿಕೆಟ್ ಹರಿದು ಕೊಟ್ರಲ್ಲ, ಮರೆತುಹೋಯ್ತಾ?

ಕಂಡಕ್ಟರು: ಡ್ಯೂಟಿ ಬೇರೆ, ಸಂಬಂಧ ಬೇರೆ ಕಣೇ.

ಟೀಚರಮ್ಮ: ಅವಳು ಇವತ್ತಿಗೂ ಅದನ್ನೇ ಹೇಳ್ಕೊಂಡು ಅಳ್ತಾಳೆ. ಬೇಡ ಅಂದ್ರೆ ಬೇಡ.

ಕಂಡಕ್ಟರ ಮುಖ ಸಣ್ಣದಾಯಿತು. ಪನ್ನೀರು ಗುಲಾಬಿಯ ಕುಂಡವನ್ನು ಮೆಲ್ಲಗೆ ಗಾಡಿಯ ಮೇಲಿಟ್ಟು, ಅದರ ಎಲೆಯ ಧೂಳನ್ನು ಬೆರಳಿನಿಂದ ಒರೆಸಿದರು.

ಕಂಡಕ್ಟರು: ನಿನಗೆ ತಮಾಷೆ. ಬೆಳಿಗ್ಗೆ ಎದ್ದು ನೋಡಿದ್ರೆ ಇಡೀ ಮನೇಲಿ ಇಬ್ಬರೇ. ಯಾರೂ ನುಗ್ಗಲ್ಲ, ಯಾರೂ ಚಿಲ್ಲರೆಗೆ ಜಗಳ ತೆಗೆಯಲ್ಲ, ಯಾರೂ ಸ್ಟಾಪ್ ಬಂದಾಗ ಎಬ್ಬಿಸಿ ಅಂತ ಹೇಳಿ ಮಲಗಲ್ಲ. ನನಗೆ ಬೇಜಾರಾಗುತ್ತೆ ಕಣೇ. ನಿಜವಾಗ್ಲೂ ಬೇಜಾರಾಗುತ್ತೆ.

ಟೀಚರಮ್ಮ: ನನಗೆ ಅರ್ಥ ಆಗಲ್ಲ ಅಂದ್ಕೊಂಡ್ರಾ? ಆದ್ರೆ ನನ್ನದೂ ಒಂದಿದೆ. ಜೀವಮಾನವೆಲ್ಲ 'ಸೈಲೆನ್ಸ್, ಸೈಲೆನ್ಸ್' ಅಂತ ಮೇಜು ಕುಟ್ಟಿದ್ದೇ ಬಂತು. ಆ ಸೈಲೆನ್ಸ್ ಹೇಗಿರುತ್ತೆ ಅಂತ ಒಂದಿಷ್ಟು ನೋಡ್ಬೇಕು ನನಗೆ. ಈ ಬೆಂಚಷ್ಟಾದ್ರೂ ನನಗೆ ಬಿಟ್ಟುಕೊಡಿ.

ನರ್ಸರಿಯಮ್ಮ: ಅಣ್ಣ ಹೇಳೋದೂ ಸರಿ, ಅಮ್ಮ ಹೇಳೋದೂ ಸರಿ. ತಪ್ಪೇನಿದ್ರೂ ಬಿಸಿಲಲ್ಲಿ ನಿಂತಿರೋ ನನ್ನದು.

ಕಂಡಕ್ಟರು ಗಾಡಿಯನ್ನೊಮ್ಮೆ ನೋಡಿದರು, ಖಾಲಿ ಮಣ್ಣನ್ನೊಮ್ಮೆ ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಮುಖ ಅರಳಿಸಿ, 'ಸರಿ. ಎರಡೇ ಆಗ್ಲಿ' ಅಂದುಬಿಟ್ಟರು. ಟೀಚರಮ್ಮನಿಗೆ ಒಳಗೇ ಅನುಮಾನ. ಇಷ್ಟು ಸುಲಭವಾಗಿ ಒಪ್ಪಿಕೊಂಡ ಹುಡುಗ ಮಾರನೇ ದಿನ ಡೆಸ್ಕಿನೊಳಗೆ ಕಪ್ಪೆ ಇಟ್ಟಿರುತ್ತಾನೆ ಅನ್ನೋದು ಅವರ ಅನುಭವ. ಗಾಡಿ ಹೊರಡಿಸುವಾಗ ಗಂಡ ನರ್ಸರಿಯಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದನ್ನೂ ಕಂಡರು. ಗೊಬ್ಬರದ ವಿಷಯ ಇರಬೇಕು ಅಂತ ಸುಮ್ಮನಾದರು.

ನೆಡುವ ಕೆಲಸ ಶುರುವಾಯಿತು. ಟೀಚರಮ್ಮ ಬೆಂಚಿನ ಮೇಲೆ, ಕಂಡಕ್ಟರು ಗುದ್ದಲಿ ಹಿಡಿದು ಮಣ್ಣಿನಲ್ಲಿ.

ಟೀಚರಮ್ಮ: ಗುಂಡಿ ಸಾಲದು. ಇನ್ನೂ ಆಳ ಬೇಕು.

ಕಂಡಕ್ಟರು: ಗಿಡ ನೆಡೋದಾ, ಬಾವಿ ತೋಡೋದಾ?

ಟೀಚರಮ್ಮ: ಬೇರು ಸುತ್ತಿಕೊಳ್ಳದೆ ಇಳೀಬೇಕು. ಹ್ಞಾಂ, ಈಗ ಇಡಿ. ಎಡಕ್ಕೆ ವಾಲಿದೆ.

ಕಂಡಕ್ಟರು: ತಿರುವಲ್ಲಿ ಎಲ್ಲರೂ ವಾಲ್ತಾರೆ.

ಟೀಚರಮ್ಮ: ನೆಟ್ಟಗೆ ಮಾಡಿ ರೀ! ಅಯ್ಯೋ, ಅಷ್ಟು ಮಣ್ಣು ಮುಚ್ಚಬೇಡಿ. ಕಸಿ ಕಟ್ಟಿದ ಗಂಟಿದೆಯಲ್ಲ, ಅದು ಮೇಲೇ ಕಾಣ್ಬೇಕು. ಅದನ್ನ ಹೂತ್ರೆ ಗಂಟು ಕೊಳೆಯುತ್ತೆ. ಆಮೇಲೆ ಕೆಳಗಿರೋ ಕಾಡುಗಿಡ ಚಿಗುರಿ ಮೇಲಿನದನ್ನ ನುಂಗಿ ಹಾಕುತ್ತೆ.

ಕಂಡಕ್ಟರು: ಕೆಳಗೆ ಇನ್ನೊಂದು ಗಿಡ ಬೇರೆ ಇದೆಯಾ?

ಟೀಚರಮ್ಮ: ಮತ್ತೆ? ಬೇರು ಕಾಡುಗುಲಾಬಿಯದು, ಹೂ ಈ ಗುಲಾಬಿಯದು. ಎರಡನ್ನೂ ಸೇರಿಸಿ ಕಟ್ಟಿರ್ತಾರೆ. ಕಸಿ ಅಂದ್ರೆ ಅದೇ.

ಕಂಡಕ್ಟರು ಗುದ್ದಲಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡರು.

ಕಂಡಕ್ಟರು: ಅಂದ್ರೆ ನಿನ್ನ ಗತ್ತಿನ ಗುಲಾಬಿ ಒಂದೇ ಸೀಟಲ್ಲಿ ಇಬ್ಬರು ಕೂತು ಬಂದಿದೆ! ನನಗೆ ಮಾತ್ರ ಮೂರಡಿ ಪಾಠ.

ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಮಾಡುವುದನ್ನೇ ಟೀಚರಮ್ಮನೂ ಮಾಡಿದರು. 'ಮೊದಲು ನೀರು ಹಾಕಿ' ಅಂತ ಬೇರೆ ಕೆಲಸ ಹೇಳಿದರು.

ಮಾರನೇ ದಿನ ಮನೆಗೆಲಸ ಮುಗಿಸಿ, ಪುಸ್ತಕ ಹಿಡಿದು, ಇನ್ನು ನನ್ನದೇ ರಾಜ್ಯ ಅಂದುಕೊಂಡು ಟೀಚರಮ್ಮ ಹೊರಗೆ ಬಂದರು. ಕಿಟಕಿ ಕಡೆಯ ಗುಲಾಬಿಯ ಆಚೆಗೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ಅಡುಗೆಮನೆಯ ಸ್ಟೂಲು. ಸ್ಟೂಲಿನ ಮೇಲೆ ಕಂಡಕ್ಟರು.

ಟೀಚರಮ್ಮ: ಏನ್ರೀ ಇದು?

ಕಂಡಕ್ಟರು: ಖಾಲಿ ಇತ್ತು, ಕೂತೆ.

ಟೀಚರಮ್ಮ: ಅದು ಗಾಳಿ ಆಡೋಕೆ ಬಿಟ್ಟ ಜಾಗ.

ಕಂಡಕ್ಟರು: ಆಡ್ಲಿ. ನಾನೇನು ತಡೆಗೋಡೆಯಾ?

ಟೀಚರಮ್ಮ: ನನ್ನ ಪಕ್ಕ ಕೂತು ಮಾತಾಡೋ ಹಾಗಿಲ್ಲ. ಹೇಳಿದೀನಿ.

ಕಂಡಕ್ಟರು: ಪಕ್ಕ ಎಲ್ಲಿ ಕೂತಿದೀನಿ? ಮಧ್ಯೆ ಗಿಡ ಇಲ್ವಾ? ನನ್ನ ಮಾತೇನಿದ್ರೂ ಗಿಡದ ಜೊತೆ. (ಗಿಡಕ್ಕೆ) ಏನಮ್ಮಾ ತಾಯಿ, ರಾತ್ರಿ ನಿದ್ದೆ ಬಂತಾ? ಹೊಸ ಜಾಗ. ಪಕ್ಕದಲ್ಲಿ ಮಾತಾಡ್ಸೋರು ಬೇರೆ ಇಲ್ಲ. ಅವರು ಓದ್ತಾರೆ. ನೀನೇನೂ ಬೇಜಾರು ಮಾಡ್ಕೋಬೇಡ, ನಾನಿದೀನಿ.

ಟೀಚರಮ್ಮ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರು. ಸಾಲು ತಲೆಗೆ ಹೋಗಲಿಲ್ಲ. ಗುಲಾಬಿಗೆ ಹೇಳಿದ ಮಾತೆಲ್ಲ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರ ಹಳೇ ಜೊತೆಗಾರ ಡ್ರೈವರು ಬಂದು, ಗೇಟಿನ ಕಡೆಯ ಗುಲಾಬಿಯ ಆಚೆ ಇದ್ದ ಇನ್ನೊಂದು ಖಾಲಿ ಜಾಗದಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ಕಡೆ ಮುಖ ಮಾಡಿ ಕೂತರು. ಇಬ್ಬರೂ ಒಂದೇ ಬಸ್ಸಿನಲ್ಲಿ ಆಯಸ್ಸು ಸವೆಸಿದವರು. ಎದುರುಬದುರು ಕೂತು ಮಾತಾಡಿ ಅವರಿಗೆ ಅಭ್ಯಾಸವೇ ಇಲ್ಲ. ಒಬ್ಬರು ಮುಂದೆ ನೋಡಿಕೊಂಡು ಕೂಗಬೇಕು, ಇನ್ನೊಬ್ಬರು ಹಿಂದಿನಿಂದ ಕೂಗಬೇಕು. ಮಧ್ಯೆ ಬೆಂಚಿನ ಮೇಲೆ ಟೀಚರಮ್ಮ.

ಡ್ರೈವರು: ಹಿಂದೆ ಎಲ್ಲ ಸರಿಯಾ?

ಕಂಡಕ್ಟರು: ಎಲ್ಲ ಸರಿ! ಹೋಗಣ್ಣಾ!

ಟೀಚರಮ್ಮ: ಎಲ್ಲಿಗೆ ಹೋಗೋದು? ಯಾರೂ ಎಲ್ಲಿಗೂ ಹೋಗ್ತಿಲ್ಲ! ಹತ್ತಿರ ಕೂತು ಮೆಲ್ಲಗೆ ಮಾತಾಡೋಕೇನು ನಿಮಗೆ?

ಡ್ರೈವರು (ತಿರುಗದೆ): ಚಾಲಕರ ಹತ್ತಿರ ಮಾತಾಡಬಾರದಮ್ಮ. ಬರೆದಿರ್ತಾರಲ್ಲ.

ಟೀಚರಮ್ಮ: ನೀವಾದ್ರೂ ಈ ಕಡೆ ತಿರುಗಿ ಮಾತಾಡಿ.

ಡ್ರೈವರು: ಅದು ಹೇಗಾಗುತ್ತೆ? ರಸ್ತೆ ಯಾರು ನೋಡ್ತಾರೆ?

ಕಂಡಕ್ಟರು: ಅವರನ್ನ ಮಾತಾಡಿಸ್ಬೇಡ ಕಣೇ, ಗಮನ ಹೋಗುತ್ತೆ!

ಆಮೇಲಿನ ದಿನಗಳಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಪೋಸ್ಟ್‌ಮ್ಯಾನ್ ಬಂದು ಖಾಲಿ ಜಾಗದಲ್ಲಿ ನಿಂತುಕೊಂಡೇ ನೀರು ಕುಡಿದು ಹೋದ. ಎದುರು ಮನೆಯ ಟೈಲರು ಬಿಡುವಾದಾಗಲೆಲ್ಲ ಬಂದು ಗೋಡೆಗೆ ಒರಗಿ ನಿಲ್ಲತೊಡಗಿದ. ದಾರಿಯಲ್ಲಿ ಹೋಗುವವರನ್ನೆಲ್ಲ ಕಂಡಕ್ಟರು ಹೆಸರು ಹಿಡಿದು ಕರೆದು, ಒಬ್ಬರನ್ನು ಆ ಕಡೆ ತಳ್ಳಿ, ಇನ್ನೊಬ್ಬರನ್ನು ಈ ಕಡೆ ಎಳೆದು, ಎಲ್ಲರಿಗೂ ನಿಲ್ಲಲು ಜಾಗ ಮಾಡಿಕೊಟ್ಟರು. ಗುಲಾಬಿಗೆ ಬಿಟ್ಟ ಗಾಳಿಯನ್ನೆಲ್ಲ ಜನ ಕುಡಿದರು. ಕೊನೆಗೊಂದು ದಿನ ಟೀಚರಮ್ಮ ಪುಸ್ತಕ ಪಟ್ಟನೆ ಮುಚ್ಚಿ, ಚಪ್ಪಲಿ ಮೆಟ್ಟಿ, ನೇರ ನರ್ಸರಿಗೆ ನಡೆದರು.

ನರ್ಸರಿಯಮ್ಮ ಸಸಿಗಳ ಸಾಲಿನ ಮಧ್ಯೆ ಕೂತು ಕಳೆ ಕೀಳುತ್ತಿದ್ದಳು.

ಟೀಚರಮ್ಮ: ಗಿಡ ಬೇಕು.

ನರ್ಸರಿಯಮ್ಮ: ಯಾವುದಮ್ಮ?

ಟೀಚರಮ್ಮ: ಎಲ್ಲ. ಗೊಂಚಲಿನದು, ಬಟನ್ನು, ಬಳ್ಳಿ, ಕುಂಡದ್ದು, ಅವತ್ತು ಏನೇನು ತಂದಿದ್ರೋ ಅದೆಲ್ಲ. ಒಂದು ಸ್ಟೂಲ್ ಇಡೋಕೂ ಜಾಗ ಉಳೀಬಾರದು.

ನರ್ಸರಿಯಮ್ಮ: ಕಪ್ಪು ಚುಕ್ಕೆ ಕಾಪಿ ಹೊಡೆಯಲ್ವಾ?

ಟೀಚರಮ್ಮ: ಹೊಡೀಲಿ. ಎಲ್ಲ ಒಟ್ಟಿಗೆ ಪಾಸಾಗ್ಲಿ.

ನರ್ಸರಿಯಮ್ಮ ಎದ್ದು ಕೈ ಕೊಡವಿಕೊಂಡು, ಮೂಲೆಯಲ್ಲಿದ್ದ ಒದ್ದೆ ಗೋಣಿಯನ್ನು ಸರಿಸಿದಳು. ಗಿಡಗಳೆಲ್ಲ ಅಚ್ಚುಕಟ್ಟಾಗಿ ಜೋಡಿಸಿ, ಗಾಡಿಗೆ ಏರಿಸುವುದೊಂದೇ ಬಾಕಿ ಅನ್ನುವ ಹಾಗೆ ಕೂತಿದ್ದವು.

ಟೀಚರಮ್ಮ: ಇದೇನು? ಮೊದಲೇ ಎತ್ತಿಟ್ಟಿದೀರಿ?

ನರ್ಸರಿಯಮ್ಮ: ಅಣ್ಣ ಅವತ್ತೇ ಹೇಳಿದ್ರಮ್ಮ. 'ಇವನ್ನ ಯಾರಿಗೂ ಕೊಡಬೇಡಿ, ನೀರು ಹಾಕ್ತಿರಿ. ನಮ್ಮನೆಯವಳೇ ಬಂದು ಕೇಳ್ತಾಳೆ' ಅಂತ.

ಟೀಚರಮ್ಮ ನಿಂತಲ್ಲೇ ನಿಂತರು. ಎಲಾ ಇವರ! ಸ್ಟೂಲು, ಡ್ರೈವರು, ಪೋಸ್ಟ್‌ಮ್ಯಾನು, ಟೈಲರು, ಎಲ್ಲ ಇದಕ್ಕೇನಾ? ಇಷ್ಟು ವರ್ಷ ಮಕ್ಕಳ ಕಳ್ಳಾಟ ಹಿಡಿದ ಕಣ್ಣಿಗೆ ಮನೆಯೊಳಗಿನ ಕಳ್ಳನೇ ಮಣ್ಣೆರಚಿದ್ದ. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗುವೂ ಬಂತು, ಅದನ್ನು ಹಲ್ಲು ಕಚ್ಚಿ ತಡೆದರು.

ಟೀಚರಮ್ಮ: ಆಗ್ಲಿ. ಅವರು ಕೇಳಿದ್ದೆಲ್ಲ ತನ್ನಿ. ಅದರ ಜೊತೆಗೆ ನನ್ನದೊಂದಿದೆ. ನಿಮ್ಮ ಹತ್ತಿರ ಇರೋದ್ರಲ್ಲಿ ಅತಿ ಕೆಟ್ಟ ಮುಳ್ಳಿನದು ಯಾವುದು?

ನರ್ಸರಿಯಮ್ಮ: ಹಿಂದುಗಡೆ ಡಬ್ಬದಲ್ಲಿ ಬೆಳೆದಿರೋ ಕಾಡುಗುಲಾಬಿ. ಆಳೆತ್ತರ ಇದೆ. ನಮ್ಮ ನಾಯಿಯೇ ಅದರ ಹತ್ತಿರ ಸುಳಿಯಲ್ಲ. ಆದ್ರೆ ಹೂ ಇಷ್ಟೇ ಇಷ್ಟು ಅಮ್ಮ.

ಟೀಚರಮ್ಮ: ಹೂ ಯಾರಿಗೆ ಬೇಕು?

ನರ್ಸರಿಯಮ್ಮ: ನಾನು ಹೇಳಿದೆ ಅಂತ ಮಾತ್ರ ಅಣ್ಣನಿಗೆ ಹೇಳಬೇಡಿ.

ಟೀಚರಮ್ಮ: ನೀವು ಯಾರ ಕಡೆ, ಅದನ್ನ ಹೇಳಿ ಮೊದಲು.

ನರ್ಸರಿಯಮ್ಮ: ನಾನು ಗಿಡದ ಕಡೆ.

ಮಾರನೇ ಬೆಳಿಗ್ಗೆ ಕಂಡಕ್ಟರು ಡ್ರೈವರನ್ನು ಕರೆತರಲು ಹೋದದ್ದೇ ತಡ, ಇಬ್ಬರು ಹೆಂಗಸರೂ ಸೇರಿ ಪಟ್ಟಿ ಮಣ್ಣನ್ನೆಲ್ಲ ತುಂಬಿಸಿಬಿಟ್ಟರು. ಗೊಂಚಲು ಗುಲಾಬಿ ಸ್ಟೂಲಿದ್ದ ಜಾಗಕ್ಕೆ, ಬಳ್ಳಿ ಗೋಡೆಗೆ, ಬಟನ್ನುಗಳು ಸಂದುಗೊಂದಿಗೆ, ಪನ್ನೀರು ಗುಲಾಬಿಯ ಕುಂಡ ಬೆಂಚಿನ ಮುಂದೆ. ಕೊನೆಗೆ ಬೆಂಚಿಗೆ ಹೋಗುವ ಒಂದೇ ಒಂದು ಕಿಂಡಿ ಉಳಿಯಿತು. ಟೀಚರಮ್ಮ ಪುಸ್ತಕ, ನೀರಿನ ಬಾಟಲಿ ಹಿಡಿದು ಒಳಗೆ ಹೋಗಿ ಕೂತರು.

ಟೀಚರಮ್ಮ: ಹ್ಞಾಂ, ಈಗ ಆ ಕಾಡುಗುಲಾಬಿ ಡಬ್ಬ ಇಲ್ಲಿ ಅಡ್ಡ ಇಡಿ.

ನರ್ಸರಿಯಮ್ಮ: ಇಟ್ರೆ ನೀವು ಹೊರಗೆ ಬರೋದು ಹೇಗಮ್ಮ? ಇದನ್ನ ನೀವೊಬ್ಬರೇ ಸರಿಸೋಕಾಗಲ್ಲ.

ಟೀಚರಮ್ಮ: ಸಂಜೆ ನೀವೇ ಬಂದು ತೆಗೀರಿ. ಅಲ್ಲಿವರೆಗೆ ನನಗೆ ಯಾರೂ ಬೇಡ.

ಕಂಡಕ್ಟರು ಡ್ರೈವರ ಜೊತೆ ಗೇಟಿನ ಹತ್ತಿರ ಬಂದವರು ಬಾಯಿ ಬಿಟ್ಟುಕೊಂಡು ನಿಂತರು.

ಕಂಡಕ್ಟರು: ಆಹಾ! ಆಹಾಹಾ! ಈಗ ನೋಡು, ತುಂಬಿ ತುಳುಕ್ತಾ ಇದೆ! ಇದಪ್ಪಾ ಅಂದ್ರೆ! ನಾನು ಮೊದಲೇ ಹೇಳ್ಲಿಲ್ವಾ... ಅಲ್ಲ ಕಣೇ, ನಾನೆಲ್ಲಿ ಕೂತ್ಕೊಳ್ಳೋದು?

ಟೀಚರಮ್ಮ: ಜಾಗ ಇಲ್ಲ.

ಕಂಡಕ್ಟರು: ಸ್ಟೂಲಿದೆಯಲ್ಲ.

ಟೀಚರಮ್ಮ: ಸ್ಟೂಲಿದೆ, ನೆಲ ಇಲ್ಲ.

ಕಂಡಕ್ಟರು: ಅನ್ಯಾಯ! ಅಷ್ಟು ಉಪಾಯ ಮಾಡಿ ಇದನ್ನೆಲ್ಲ ತುಂಬಿಸಿದ್ದು ನಾನು!

ಟೀಚರಮ್ಮ: ಗೊತ್ತಾಯ್ತು. ಅದಕ್ಕೇ ಹೊರಗೆ ನಿಂತಿದೀರಿ.

ಡ್ರೈವರು ಗಂಡ ಹೆಂಡಿರ ಮಧ್ಯೆ ಗಾಡಿ ನುಗ್ಗಿಸುವವರಲ್ಲ. ಬಂದ ದಾರಿಯಲ್ಲೇ, ತಿರುಗಿ ನೋಡದೆ ಹೊರಟುಹೋದರು. ಕಂಡಕ್ಟರಿಗೆ ಎಲ್ಲಿಲ್ಲದ ಮುನಿಸು ಬಂತು. ಸ್ಟೂಲನ್ನು ಗೇಟಿನಿಂದಾಚೆಗೆ ಒಯ್ದು, ಬೆನ್ನು ತಿರುಗಿಸಿ, ತುಟಿ ಹೊಲಿದವರ ಹಾಗೆ ಕೂತುಬಿಟ್ಟರು.

ಟೀಚರಮ್ಮ ಪುಸ್ತಕ ಬಿಡಿಸಿದರು. ಸದ್ದಿಲ್ಲ. ಗೊಂಚಲಿನ ಮೇಲೆ ಒಂದು ಜೇನುಹುಳ ಗುಂಯ್‌ಗುಟ್ಟಿತು ಅಷ್ಟೇ. ಒಂದು ಪುಟ ಓದಿದರು, ಪ್ರತಿ ಪದವೂ ತಲೆಗೆ ಹೋಯಿತು. ಆಹಾ, ಇದಪ್ಪಾ ಬೇಕಾಗಿದ್ದದ್ದು! ಎರಡನೇ ಪುಟದ ಅರ್ಧಕ್ಕೆ ಬಂದಾಗ ಯಾಕೋ ತಲೆಯೆತ್ತಿ ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಬಿಸಿಲಲ್ಲಿ ಗಂಡ ಒಬ್ಬರೇ ಕೂತು, ಬರದೇ ಇರೋ ಜನರ ದಾರಿ ನೋಡುತ್ತಿದ್ದರು. ಟೀಚರಮ್ಮನಿಗೆ ಪಾಪ ಅನ್ನಿಸಿತು. ಓದಿದ ಪುಟವೆಲ್ಲ ಮರೆತುಹೋಯಿತು.

ಟೀಚರಮ್ಮ: ರೀ.

ಕಂಡಕ್ಟರು: ಏನು?

ಟೀಚರಮ್ಮ: ಬಿಸಿಲಿದೆ ಅಲ್ಲಿ.

ಕಂಡಕ್ಟರು: ಇರ್ಲಿ.

ಟೀಚರಮ್ಮ: ಬೆಂಚಿನ ಮೇಲೆ ಇನ್ನೊಬ್ಬರಿಗೆ ಆಗುತ್ತೆ. ಬಾಯಿ ಮುಚ್ಚಿಕೊಂಡು ಕೂರೋ ಹಾಗಿದ್ರೆ ಬನ್ನಿ.

ಕಂಡಕ್ಟರು: ಬಾಯಿ ಬಿಟ್ರೆ ಕೇಳು!

ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಿ ಬಂದು ಪಳಗಿದ ಮೈ ಅದು. ಹೊಟ್ಟೆ ಒಳಗೆಳೆದು, ಅಡ್ಡ ತಿರುಗಿ, ಒಂದು ಕೈ ಮೇಲೆತ್ತಿ, ಗುಲಾಬಿ ಗುಲಾಬಿಗಳ ನಡುವೆ ಕಂಡಕ್ಟರು ಜಾರಿಕೊಂಡು ಬಂದರು. ಕಾಡುಗುಲಾಬಿಯ ಹತ್ತಿರ ಮಾತ್ರ ಅಂಗಿ ಪರ್ ಅಂತ ಹರಿಯಿತು. ಅವರು ಲೆಕ್ಕಕ್ಕಿಡದೆ ಬಂದು, ಹೆಂಡತಿ ಸರಿದು ಕೊಟ್ಟ ಜಾಗದಲ್ಲಿ ಕೂತರು.

ಟೀಚರಮ್ಮ ಪುಟ ತಿರುವಿದರು. ಕಂಡಕ್ಟರು ಕೆಮ್ಮಿದರು. ಇನ್ನೊಂದು ಪುಟ. ಇನ್ನೊಂದು ಕೆಮ್ಮು.

ಕಂಡಕ್ಟರು: ಅಲ್ಲಾ...

ಟೀಚರಮ್ಮ: ಮಾತಾಡಲ್ಲ ಅಂದ್ರಿ.

ಕಂಡಕ್ಟರು: ಮಾತಲ್ಲ, ಒಂದು ಸಣ್ಣ ಪ್ರಶ್ನೆ. ಈ ಮುಳ್ಳಿನ ಡಬ್ಬ ದಾಟಿ ನೀನು ಹೊರಗೆ ಹೋಗೋದು ಹೇಗೆ?

ಟೀಚರಮ್ಮ: ಸಂಜೆ ನರ್ಸರಿಯಮ್ಮ ಬಂದು ತೆಗೀತಾಳೆ.

ಕಂಡಕ್ಟರು: ಅಂದ್ರೆ ಸಂಜೆವರೆಗೂ ನೀನು ಎದ್ದು ಹೋಗೋ ಹಾಗಿಲ್ಲ?

ಟೀಚರಮ್ಮ: ಇಲ್ಲ.

ಹೇಳಿದ ಮೇಲೆ ಟೀಚರಮ್ಮನಿಗೆ ತಾನೇನು ಹೇಳಿದೆ ಅನ್ನೋದು ಹೊಳೆಯಿತು. ಎಡಕ್ಕೆ ನೋಡಿದರು, ಮುಳ್ಳು. ಬಲಕ್ಕೆ ನೋಡಿದರು, ಗಂಡ. ಗಂಡನ ಮುಖ ಮಾತ್ರ ರಿಟೈರಾದ ಮೇಲೆ ಮೊದಲ ಸಲ ಊರಗಲವಾಗಿತ್ತು. ಅವರು ಕಾಲು ಮಡಚಿಕೊಂಡು, ಬೆಂಚಿಗೆ ಆರಾಮವಾಗಿ ಒರಗಿ, ಗಂಟಲು ಸರಿಮಾಡಿಕೊಂಡರು.

ಕಂಡಕ್ಟರು: ಹಾಗಾದ್ರೆ ಇದು ತಡೆರಹಿತ ಗಾಡಿ ಅನ್ನು! ಪುಸ್ತಕ ಮುಚ್ಚಿಡು. ನಾನು ಡ್ಯೂಟಿಗೆ ಸೇರಿದ ಮೊದಲನೇ ದಿನದಿಂದ ಶುರು ಮಾಡ್ತೀನಿ.